ಹೊಗೆ ಬಿಟ್ಟ ಮೇಷ್ಟರು

ಮನುಷ್ಯನನ್ನು ಕೆಡಿಸುವ ಚಟಗಳಲ್ಲಿ ಎರಡು ಜಾತಿ ಉಂಟು. ಕೆಲವು ಬಾಗಿಲನ್ನು ಒದ್ದು ಒಳಕ್ಕೆ ಬರುತ್ತವೆ. ಕುಡಿತ, ಜೂಜು ಈ ಜಾತಿಯವು. ಅವು ಹೊಕ್ಕ ಮನೆಯಲ್ಲಿ ಗಲಭೆಯಾಗುತ್ತದೆ. ಪಾತ್ರೆ ಪದಾರ್ಥಗಳು ಗಿರವಿಗೆ ಹೋಗುತ್ತವೆ. ಬಂಧುಗಳು ಬುದ್ಧಿ ಹೇಳಲು ಬರುತ್ತಾರೆ. ಇನ್ನು ಕೆಲವು ಸಭ್ಯರ ಹಾಗೆ ಜಗಲಿಯ ಮೇಲೆ ಬಂದು ಕುಳಿತು, "ಐದು ನಿಮಿಷ ಇದ್ದು ಹೋಗುತ್ತೇನೆ" ಎನ್ನುತ್ತವೆ. ಹೊಗೆಬತ್ತಿಯ ಚಟ ಈ ಎರಡನೆಯ ಜಾತಿಗೆ ಸೇರಿದುದು. ಅದು ಕೇಳುವುದು ಬಹಳ ಸ್ವಲ್ಪ: ನಾಲ್ಕು ಕಾಸು, ಒಂದು ಕಡ್ಡಿ ಬೆಂಕಿ, ಐದು ನಿಮಿಷದ ವಿರಾಮ. ಇಷ್ಟು ಕಡಮೆ ಕೇಳುವ ಅತಿಥಿಯನ್ನು ಯಾರೂ ಓಡಿಸುವುದಿಲ್ಲ. ನಲವತ್ತು ವರ್ಷಗಳಾದ ಮೇಲೆ ನೋಡಿದರೆ ಜಗಲಿಯ ಮೇಲಿದ್ದವನು ನಡುಮನೆಯಲ್ಲಿ ಮಂಚ ಹಾಕಿಕೊಂಡು ಮಲಗಿರುತ್ತಾನೆ. ಮನೆಯ ಯಜಮಾನನು ಅವನ ಅಪ್ಪಣೆಗಾಗಿ ಹೊಸಿಲಿನಲ್ಲಿ ಕಾದು ನಿಂತಿರುತ್ತಾನೆ.

ಹಾಸನ ಜಿಲ್ಲೆಯ ಅರಕಲಗೂಡು ಸೀಮೆಯ ಒಂದು ಊರಿನಲ್ಲಿ ಕನ್ನಡ ಪಂಡಿತರಾಗಿದ್ದ ಮೇಷ್ಟರೊಬ್ಬರ ಮನೆಯಲ್ಲಿ ಈ ಅತಿಥಿಯು ೪೨ ವರ್ಷ ಕಾಲ ಹೀಗೆ ನೆಲೆಸಿದ್ದನು. ೨೦೧೧ರಲ್ಲಿ ಅವನನ್ನು ಹೊರಕ್ಕೆ ಕಳುಹಿಸಿದರು. ಕಳುಹಿಸಿದ ಬಗೆ ಹೇಗೆ, ಅವನು ಹೋದ ಮೇಲೆ ಆ ಮನೆಗೆ ಹಿಂದಿರುಗಿ ಬಂದುದೇನು, ಬಾರದೆ ಉಳಿದುದೇನು ಎಂಬುದು ವಾಚಕರು ತಿಳಿಯತಕ್ಕ ಸಂಗತಿ.

ಅದು ಹೊಗೆಸೊಪ್ಪು ಬೆಳೆಯುವ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡುಗಳ ಸುತ್ತಿನ ಕೆಂಪು ಹೊಲಗಳಲ್ಲಿ ವರ್ಜೀನಿಯಾ ಜಾತಿಯ ಸೊಪ್ಪು ಮುಂಗಾರಿನಲ್ಲಿ ಎದೆಯೆತ್ತರ ಬೆಳೆದು ನಿಲ್ಲುತ್ತದೆ. ಶ್ರಾವಣದ ಹೊತ್ತಿಗೆ ಎಲೆಗಳನ್ನು ಕೊಯ್ದು, ಕಡ್ಡಿಗಳಿಗೆ ಕಟ್ಟಿ, ಎತ್ತರವಾದ ಬ್ಯಾರನ್ ಮನೆಗಳಲ್ಲಿ ತೂಗುಹಾಕಿ, ಸೌದೆಯ ಕಾವಿನಿಂದ ಹದಮಾಡುತ್ತಾರೆ. ಆ ದಿನಗಳಲ್ಲಿ ಸಂಜೆಯ ಗಾಳಿಯೇ ಬೆಂದ ಎಲೆಯ ವಾಸನೆಯನ್ನು ಹೊತ್ತು ಊರಿನೊಳಕ್ಕೆ ಬರುತ್ತದೆ. ಮೇಷ್ಟರ ಶಿಷ್ಯರಲ್ಲಿ ಅರ್ಧಕ್ಕರ್ಧ ಮಂದಿ ಈ ಬೆಳೆಗಾರರ ಮಕ್ಕಳು. ಮಳೆಯಲ್ಲಿ ನೆಂದ ಸೊಪ್ಪನ್ನು ಬರಿಗೈಯಲ್ಲಿ ಕೊಯ್ದ ಹುಡುಗರು ಮರುದಿನ ತಲೆಸುತ್ತು, ವಾಂತಿ ಎಂದು ಶಾಲೆಗೆ ಬರುತ್ತಿರಲಿಲ್ಲ. ಎಲೆಯಲ್ಲಿರುವ ನಿಕೋಟಿನ್ ಎಂಬ ವಿಷವು ಒದ್ದೆ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆಂಬುದನ್ನು ಮೇಷ್ಟರು ಬಲ್ಲವರಾಗಿದ್ದರು. ಅಂಥ ಹುಡುಗರ ರಜಾ ಅರ್ಜಿಗೆ ರುಜು ಹಾಕಿ, ಅದೇ ಎಲೆಯನ್ನು ತುಂಬಿದ ಬತ್ತಿಯನ್ನು ಹಚ್ಚುವುದಕ್ಕಾಗಿ ಅವರು ಶಾಲೆಯೆದುರಿನ ಚಹದಂಗಡಿಗೆ ಹೋಗುತ್ತಿದ್ದರು.

ಚಟದ ಆರಂಭ ಎಲ್ಲರದರಂತೆ ಅಲ್ಪವಾದುದೇ. ೧೯೬೯ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಮೈಸೂರಿನ ವಿದ್ಯಾರ್ಥಿನಿಲಯವೊಂದರಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದಿರಲೆಂದು ಗೆಳೆಯನೊಬ್ಬನು ಒಂದು ಬೀಡಿಯನ್ನು ಕೊಟ್ಟನು. ಮೊದಲ ದಮ್ಮಿಗೆ ಕೆಮ್ಮು ಬಂದಿತು, ಕಣ್ಣಿನಲ್ಲಿ ನೀರು ಬಂದಿತು, ಹೊಟ್ಟೆ ತೊಳಸಿತು. ದೇಹವು ತನಗೆ ತಿಳಿದ ಭಾಷೆಯಲ್ಲಿ ಬೇಡವೆಂದು ಸ್ಪಷ್ಟವಾಗಿಯೇ ಹೇಳಿತು. ಕನ್ನಡ, ಸಂಸ್ಕೃತ ಎರಡನ್ನೂ ಓದುತ್ತಿದ್ದ ತರುಣನಿಗೆ ಆ ಭಾಷೆ ಅರ್ಥವಾಗಲಿಲ್ಲ. ಕೆಲಸ ಸಿಕ್ಕಿದ ಮೇಲೆ ತಿಂಗಳಿನ ಮೊದಲ ಎರಡು ವಾರ ಸಿಗರೇಟು, ಕೊನೆಯ ಎರಡು ವಾರ ಬೀಡಿ ಎಂಬ ಕ್ರಮ ಏರ್ಪಟ್ಟಿತು. ಮೇಷ್ಟರ ಬೆರಳುಗಳ ನಡುವೆ ಇರುವುದನ್ನು ನೋಡಿ ಆ ದಿನದ ತಾರೀಕನ್ನು ಹೇಳಬಹುದೆಂದು ಸಹೋದ್ಯೋಗಿಗಳು ಹಾಸ್ಯಮಾಡುತ್ತಿದ್ದರು.

ಮೇಷ್ಟರು ಮಾತಿನಲ್ಲಿ ಸೋಲುವವರಲ್ಲ. ಯಾರಾದರೂ ಚಟವನ್ನು ಆಕ್ಷೇಪಿಸಿದರೆ ಅಕ್ಬರನ ಕಥೆಯನ್ನು ತೆಗೆಯುವರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗನೆಂಬ ಮೊಗಲ್ ಅಧಿಕಾರಿಯು ಬಿಜಾಪುರಕ್ಕೆ ಹೋಗಿದ್ದಾಗ ಅಲ್ಲಿ ಹೊಗೆಸೊಪ್ಪನ್ನು ಮೊದಲ ಸಾರಿ ಕಂಡನು. ಉತ್ತರದೇಶದಲ್ಲಿ ಇಂಥದನ್ನು ಆತನು ನೋಡಿರಲಿಲ್ಲ. ಒಂದಷ್ಟು ಸೊಪ್ಪನ್ನು ಕೊಂಡು, ರತ್ನಗಳನ್ನು ಕೂರಿಸಿದ ಸೊಗಸಾದ ಕೊಳವೆಯೊಂದನ್ನು ಸಿದ್ಧಪಡಿಸಿ, ಅಕ್ಬರನ ಸನ್ನಿಧಿಗೆ ಒಪ್ಪಿಸಿದನು. ಬಾದಶಹನು ಕೌತುಕದಿಂದ ಕೊಳವೆಯನ್ನು ಬಾಯಿಗಿಟ್ಟು ಎಳೆದನು. "ಕನ್ನಡ ಸೀಮೆಯಿಂದ ಹೋದ ಸೊಪ್ಪನ್ನು ದಿಲ್ಲೀಶ್ವರನೇ ಮನ್ನಿಸಿದ ಮೇಲೆ ಬಡ ಕನ್ನಡ ಪಂಡಿತನು ತಿರಸ್ಕರಿಸಬಹುದೇ?" ಎಂದು ಮೇಷ್ಟರು ಕಥೆಯನ್ನು ಅಲ್ಲಿಗೆ ನಿಲ್ಲಿಸಿ ಕಡ್ಡಿ ಗೀರುತ್ತಿದ್ದರು. ಕಥೆ ಅಲ್ಲಿಗೆ ಮುಗಿಯುವುದಿಲ್ಲವೆಂಬುದು ಕೇಳುವವರಿಗೆ ತಿಳಿಯುತ್ತಿರಲಿಲ್ಲ.

ಊರಿನಲ್ಲಿ ಮೇಷ್ಟರಿಗಿದ್ದ ಗೌರವ ಪಾಠದಿಂದ ಬಂದುದಕ್ಕಿಂತ ಹೆಚ್ಚಾಗಿ ಗಮಕದಿಂದ ಬಂದುದು. ೧೯೭೮ರಿಂದ ಪ್ರತಿ ಶ್ರಾವಣಮಾಸದಲ್ಲಿಯೂ ಆಂಜನೇಯನ ಗುಡಿಯ ಮಂಟಪದಲ್ಲಿ ಸಂಜೆಯ ಹೊತ್ತು ಕುಮಾರವ್ಯಾಸ ಭಾರತವನ್ನು ವಾಚನಮಾಡುತ್ತಿದ್ದವರು ಅವರೇ. ಹೊಲದಿಂದ ಬಂದ ಒಕ್ಕಲಿಗರು ಕಂಬಳಿ ಹೊದ್ದು ಕುಳಿತು ಕೇಳುತ್ತಿದ್ದರು. ಭಾಮಿನಿ ಷಟ್ಪದಿಯ ಕಟ್ಟನ್ನು ವಾಚಕರು ಬಲ್ಲರು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ತಲಾ ೧೪ ಮಾತ್ರೆಗಳು. ಮೂರನೆಯ ಮತ್ತು ಆರನೆಯ ಪಾದಗಳಿಗೆ ತಲಾ ೨೩. ಚಿಕ್ಕ ಪಾದಗಳಲ್ಲಿ ಗಮಕಿಯು ಹೇಗಾದರೂ ದಾಟಿಕೊಳ್ಳಬಹುದು. ದೊಡ್ಡ ಪಾದಕ್ಕೆ ಬಂದಾಗ ಅವನ ಎದೆಯಲ್ಲಿರುವ ಬಂಡವಾಳವೆಷ್ಟು ಎಂಬುದು ಬಯಲಾಗುತ್ತದೆ. ಮೇಷ್ಟರು ಯೌವನದಲ್ಲಿ ಎರಡು ಚಿಕ್ಕ ಪಾದಗಳನ್ನೂ ಅವುಗಳನ್ನು ಹಿಂಬಾಲಿಸುವ ದೊಡ್ಡ ಪಾದವನ್ನೂ ರಾಗದ ಎಳೆ ಕಡಿಯದಂತೆ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಐವತ್ತನ್ನು ದಾಟಿದ ಮೇಲೆ ದೊಡ್ಡ ಪಾದಕ್ಕಾಗಿಯೇ ಬೇರೆ ಉಸಿರು ಬೇಕಾಯಿತು. ಅನಂತರ ಆ ಪಾದದ ನಡುವೆಯೂ ನಿಲ್ಲಬೇಕಾಗಿ ಬಂದಿತು. ನಿಂತ ಎಡೆಯಲ್ಲಿ ಅರ್ಥವನ್ನು ವಿವರಿಸುವ ಉಪಾಯವನ್ನು ಅವರು ಕಂಡುಕೊಂಡರು. ರಸಿಕರು ಇದನ್ನು ಹೊಸ ಶೈಲಿಯೆಂದು ಮೆಚ್ಚಿಕೊಂಡರು. ಮೆಚ್ಚಿಕೆಯನ್ನು ಕೇಳಿ ಮೇಷ್ಟರು ಸುಮ್ಮನಿದ್ದರು.

೨೦೧೦ರ ಶ್ರಾವಣದಲ್ಲಿ ಕರ್ಣಪರ್ವ ನಡೆಯುತ್ತಿದ್ದಿತು. ಒಂದು ಸಂಜೆ, ಒಂದು ಷಟ್ಪದಿಯ ಆರನೆಯ ಪಾದದ ನಟ್ಟನಡುವೆ, ಉಸಿರು ನಿಂತುಹೋಯಿತು. ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ, ಅದರ ಬದಲು ಕೆಮ್ಮು ಹೊರಟಿತು. ಅದು ಬಹಳ ಹೊತ್ತಿನ ತನಕ ನಿಲ್ಲಲಿಲ್ಲ. ಹಿಂದೆ ಕುಳಿತು ಶ್ರುತಿಪೆಟ್ಟಿಗೆಯನ್ನು ನುಡಿಸುತ್ತಿದ್ದ ಶಿಷ್ಯನು, ಇಪ್ಪತ್ತಮೂರರ ತರುಣ, ಪಾದವನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಂಡು ಮುಗಿಸಿದನು. ಸಭೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಒಬ್ಬ ಮುದುಕನು ಎದ್ದು ಹೋಗಿ ಒಂದು ಲೋಟ ನೀರನ್ನು ತಂದು ಮೇಷ್ಟರ ಮುಂದಿಟ್ಟು, ಮತ್ತೆ ತನ್ನ ಜಾಗದಲ್ಲಿ ಕುಳಿತನು.

ವಾಚನ ಮುಗಿದ ಕೂಡಲೆ ಮಂಗಳಾರತಿಗೂ ಕಾಯದೆ ಗುಡಿಯ ಹಿಂದಿನ ಬಾವಿಕಟ್ಟೆಗೆ ಹೋಗಿ ಹೊಗೆ ಸೇದುವುದು ಮೇಷ್ಟರ ಮೂವತ್ತು ವರ್ಷದ ಪದ್ಧತಿ. ಅಂದು ನೀರು ಕೊಟ್ಟ ಮುದುಕನೊಡನೆ ನಾಲ್ಕು ಮಾತಾಡಿ ಹೋಗುವುದು ತಡವಾಯಿತು. ಕಟ್ಟೆಯ ಬಳಿ ಕತ್ತಲೆಯಲ್ಲಿ ಒಂದು ಕೆಂಡ ಹೊಳೆಯುತ್ತಿದ್ದಿತು. ಮೇಷ್ಟರನ್ನು ಕಂಡು ಶಿಷ್ಯನು ಬತ್ತಿಯನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡನು.

"ಎಂದಿನಿಂದ ಇದು?"

"ಎರಡು ವರ್ಷವಾಯಿತು, ಮೇಷ್ಟರೇ."

"ಹಾಡುವವನಿಗೆ ಕಂಠ ಕೆಡುವುದೆಂಬ ಭಯವಿಲ್ಲವೇನಯ್ಯಾ?"

ಹುಡುಗನು ತಲೆ ತಗ್ಗಿಸಿ, "ನನ್ನ ದನಿ ತೆಳುವಾದುದು, ಮೇಷ್ಟರೇ. ತಮ್ಮ ಕಂಠಕ್ಕೆ ಆ ಗಾಂಭೀರ್ಯ ಬಂದುದು ಇದರಿಂದಲೇ ಎಂದು ಎಲ್ಲರೂ ಹೇಳುತ್ತಾರೆ," ಎಂದನು.

ಮೇಷ್ಟರು ಮೂವತ್ತು ವರ್ಷಗಳಲ್ಲಿ ಅವನಂಥ ನೂರಾರು ಹುಡುಗರಿಗೆ ಹಳಗನ್ನಡವನ್ನೂ ಛಂದಸ್ಸನ್ನೂ ಹೇಳಿಕೊಟ್ಟಿದ್ದರು. ಹೇಳಿಕೊಡದೆಯೇ ಕಲಿತ ಪಾಠವೊಂದು ಈಗ ಅವರೆದುರಿಗೆ ಹೊಗೆಯಾಡುತ್ತ ನಿಂತಿತ್ತು. ಸಭೆಯಲ್ಲಿ ಉಸಿರು ಕಟ್ಟಿದಾಗ ಆಗದಿದ್ದ ನಾಚಿಕೆ ಅವರಿಗೆ ಇಲ್ಲಿ ಆಯಿತು. ಅಂದಿನಿಂದ ಅವರು ಬತ್ತಿಯನ್ನು ಮುಟ್ಟಲಿಲ್ಲವೆಂದು ಬರೆದರೆ ಕಥೆಗೆ ಅಂದ ಬರುತ್ತಿದ್ದಿತು. ಶಿಷ್ಯನು ನಮಸ್ಕಾರಮಾಡಿ ಹೊರಟುಹೋದ ಮೇಲೆ ಅವರು ಜೇಬಿನಿಂದ ಒಂದನ್ನು ತೆಗೆದು ಹಚ್ಚಿದರೆಂಬುದೇ ನಿಜ. ಚಟದ ಬಲವೆಷ್ಟೆಂಬುದನ್ನು ತಿಳಿಯಬೇಕಾದರೆ ಇದನ್ನು ಮುಚ್ಚಿಡಬಾರದು.

ಮುಂದಿನ ವಾರ ಅವರು ಹಾಸನಕ್ಕೆ ಹೋಗಿ ಒಬ್ಬ ವೈದ್ಯರನ್ನು ಕಂಡರು. ವೈದ್ಯರು ಒಂದು ಕೊಳವೆಯನ್ನು ಕೈಗೆ ಕೊಟ್ಟು, ಆದಷ್ಟು ಬಲವಾಗಿ ಊದಿಸಿ, ಯಂತ್ರವು ಬರೆದ ರೇಖೆಯನ್ನು ನೋಡಿದರು. "ಹೋದ ಉಸಿರನ್ನೆಲ್ಲ ಹಿಂದಕ್ಕೆ ತರುವ ಮದ್ದು ನನ್ನ ಬಳಿ ಇಲ್ಲ. ಸ್ವಲ್ಪ ಬರಬಹುದು. ಇನ್ನು ಮುಂದೆ ಹೋಗಲಿರುವ ಉಸಿರು ಉಂಟಲ್ಲ, ಅದನ್ನು ಉಳಿಸಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ," ಎಂದರು. ವಯಸ್ಸಾದಂತೆ ಎಲ್ಲರ ಶ್ವಾಸಕೋಶಗಳ ಶಕ್ತಿಯೂ ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕುಂದುತ್ತದೆ. ಹೊಗೆ ಸೇದುವವರಲ್ಲಿ ಅನೇಕರಿಗೆ ಈ ಇಳಿತ ಬಹಳ ಬೇಗ ಬೇಗ ಆಗುತ್ತದೆ. ಬಿಟ್ಟವನಿಗೆ ಅದು ಮತ್ತೆ ಹೆಚ್ಚು ಕಡಮೆ ಉಳಿದವರ ನಡಿಗೆಗೇ ಬಂದು ಸೇರುತ್ತದೆ.

"ಅರವತ್ತು ಹತ್ತಿರವಾಯಿತು. ಇನ್ನು ಬಿಟ್ಟರೆ ಎಷ್ಟು, ಬಿಡದಿದ್ದರೆ ಎಷ್ಟು?" ಎಂದರು ಮೇಷ್ಟರು. ಈ ಪ್ರಶ್ನೆಯನ್ನು ಕೇಳದ ಮುದುಕನಿಲ್ಲ. ವೈದ್ಯರು ಇದಕ್ಕೆ ಉತ್ತರವಾಗಿ ರಿಚರ್ಡ್ ಡಾಲ್ ಎಂಬ ಆಂಗ್ಲ ವೈದ್ಯವಿಜ್ಞಾನಿಯ ಸಂಗತಿಯನ್ನು ಹೇಳಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದವರನ್ನು ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬಿಬ್ಬರು ವಿಚಾರಿಸತೊಡಗಿದರು. ರಸ್ತೆಗೆ ಹಾಕುವ ಡಾಮರು ಈ ರೋಗಕ್ಕೆ ಕಾರಣವಿರಬಹುದೆಂದು ಡಾಲ್ ಮೊದಲು ಎಣಿಸಿದ್ದರು. ಲೆಕ್ಕವು ಬೆರಳು ತೋರಿಸಿದುದು ಅವರ ಜೇಬಿನಲ್ಲಿಯೇ ಇದ್ದ ಸಿಗರೇಟಿನ ಕಡೆಗೆ. ಸ್ವತಃ ಸೇದುತ್ತಿದ್ದ ಡಾಲ್ ಆಗಲೇ ಬಿಟ್ಟುಬಿಟ್ಟರು. ಅವರ ಲೇಖನ ೧೯೫೦ರಲ್ಲಿ ಪ್ರಕಟವಾಯಿತು. ೧೯೫೧ರಿಂದ ಅವರು ಬ್ರಿಟನ್ನಿನ ೩೪,೦೦೦ಕ್ಕೂ ಹೆಚ್ಚು ಮಂದಿ ಪುರುಷ ವೈದ್ಯರ ಆಯುಸ್ಸಿನ ಲೆಕ್ಕವನ್ನು ಐವತ್ತು ವರ್ಷ ಕಾಲ ಇಟ್ಟು, ೨೦೦೪ರಲ್ಲಿ, ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅದರ ಫಲವನ್ನು ಲೋಕಕ್ಕೆ ತಿಳಿಸಿದರು. ಜೀವನವೆಲ್ಲ ಸೇದಿದವನು ಸೇದದವನಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾನೆ. ಮೂವತ್ತರಲ್ಲಿ ಬಿಟ್ಟವನು ಆ ಹತ್ತನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತಾನೆ. ನಲವತ್ತರಲ್ಲಿ ಬಿಟ್ಟವನಿಗೆ ಸುಮಾರು ಒಂಬತ್ತು, ಐವತ್ತರಲ್ಲಿ ಬಿಟ್ಟವನಿಗೆ ಆರು, ಅರವತ್ತರಲ್ಲಿ ಬಿಟ್ಟವನಿಗೆ ಮೂರು ವರ್ಷಗಳು ದಕ್ಕುತ್ತವೆ.

"ಮೂರು ಶ್ರಾವಣಗಳು," ಎಂದು ಮೇಷ್ಟರು ತಮ್ಮಷ್ಟಕ್ಕೆ ಅಂದುಕೊಂಡರು. ಹಾಸನದಿಂದ ಊರಿಗೆ ಬರುವ ಬಸ್ಸಿನಲ್ಲಿ ಈ ಎರಡು ಮಾತುಗಳು ಅವರನ್ನು ಬಿಡಲಿಲ್ಲ.

ಮೊದಲ ಪ್ರಯತ್ನ ನಡೆದುದು ಆ ವರ್ಷದ ವಿಜಯದಶಮಿಯಂದು. ಪಾಂಡವರು ಆಯುಧಗಳನ್ನು ಬನ್ನಿಯ ಮರದಲ್ಲಿಟ್ಟ ಕಥೆಯನ್ನು ನೆನೆದು ಮೇಷ್ಟರು ಬೀಡಿಯ ಕಟ್ಟನ್ನೂ ಬೆಂಕಿಪೆಟ್ಟಿಗೆಯನ್ನೂ ಬನ್ನಿಯ ಬುಡದಲ್ಲಿ ಬಿಟ್ಟು ಬಂದರು. ಪಾಂಡವರು ಒಂದು ವರ್ಷ ತಾಳಿಕೊಂಡಿದ್ದರು. ಮೇಷ್ಟರು ಹತ್ತು ದಿನ ತಾಳಿಕೊಂಡರು. ಹನ್ನೊಂದನೆಯ ದಿನ ಬಂಧುವೊಬ್ಬನ ಶವಸಂಸ್ಕಾರಕ್ಕೆ ಹೋಗಿದ್ದಾಗ, ದುಃಖದಲ್ಲಿದ್ದ ಗಂಡಸರೆಲ್ಲ ಒಂದೆಡೆ ಸೇರಿ ಹೊಗೆ ಸೇದುತ್ತಿದ್ದುದನ್ನು ಕಂಡು ಕೈ ತಾನಾಗಿ ಮುಂದಕ್ಕೆ ಚಾಚಿತು. ಸತ್ತವನ ಕಾಯಿಲೆಯೂ ಎದೆಯದೇ ಆಗಿದ್ದಿತೆಂಬುದು ಮನೆಗೆ ಬಂದ ಮೇಲೆ ನೆನಪಿಗೆ ಬಂದಿತು.

ಸೋತ ಮುಖದಿಂದ ಮತ್ತೆ ಹಾಸನಕ್ಕೆ ಹೋದಾಗ ವೈದ್ಯರು ನಕ್ಕರು. ಒಂದೇ ಏಟಿಗೆ ಬಿಡುವವರು ಕೆಲವರು; ಎರಡು, ಮೂರು, ಇನ್ನೂ ಹೆಚ್ಚು ಸಾರಿ ಯತ್ನಿಸಿ ಬಿಡುವವರೇ ಬಹುಮಂದಿ ಎಂದು ಹೇಳಿ, ಈ ಸಾರಿ ನಿಕೋಟಿನ್ ಬೆರೆಸಿದ ಚೂಯಿಂಗ್ ಗಮ್ಮನ್ನು ಬರೆದುಕೊಟ್ಟರು. ಬತ್ತಿಯ ಹೊಗೆಯಲ್ಲಿ ಸಾವಿರಾರು ಪದಾರ್ಥಗಳುಂಟು. ರೋಗಗಳನ್ನು ತರುವವು ಹೆಚ್ಚಾಗಿ ಅವು. ಬಿಡದಂತೆ ಕಟ್ಟಿಹಾಕುವ ಹಗ್ಗ ಮಾತ್ರ ನಿಕೋಟಿನ್. ಹಗ್ಗವನ್ನು ಒಮ್ಮೆಗೇ ಕತ್ತರಿಸಲಾರದವನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬಹುದು ಎಂಬುದು ಆ ಮದ್ದಿನ ತತ್ತ್ವ.

೨೦೧೧ರ ಸಂಕ್ರಾಂತಿಯ ಬೆಳಗ್ಗೆ ಮೇಷ್ಟರು ಕೊನೆಯ ಬತ್ತಿಯನ್ನು ಆರಿಸಿದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನ್ನಾಡಬೇಕೆಂಬ ಹಬ್ಬ ಅದು. ಎಳ್ಳುಬೆಲ್ಲವನ್ನೇನೋ ತಿಂದರು, ಅನಂತರದ ಹತ್ತು ದಿನ ಅವರ ಬಾಯಿಂದ ಒಂದು ಒಳ್ಳೆಯ ಮಾತೂ ಹೊರಡಲಿಲ್ಲ. ಕಾಫಿ ತಣ್ಣಗಾಗಿದ್ದರೆ ಕೋಪ, ಬಿಸಿಯಾಗಿದ್ದರೆ ಕೋಪ. ರಾತ್ರಿ ನಿದ್ರೆಯಿಲ್ಲ. ಹಗಲು ಪುಸ್ತಕದ ಒಂದು ಪುಟವನ್ನು ನಾಲ್ಕು ಸಾರಿ ಓದಿದರೂ ತಲೆಗೆ ಹತ್ತದು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಕೆಮ್ಮು ಮೊದಲಿಗಿಂತ ಹೆಚ್ಚಾಯಿತು. ಶ್ವಾಸನಾಳದ ಒಳಗೋಡೆಯ ಮೇಲೆ ಕಸವನ್ನು ಗುಡಿಸಿ ಹೊರಕ್ಕೆ ದೂಡುವ ಸೂಕ್ಷ್ಮವಾದ ರೋಮಗಳಿವೆ. ಹೊಗೆಯಿಂದ ಕೆಲಸ ಮರೆತಿದ್ದ ಅವು ಮತ್ತೆ ಗುಡಿಸತೊಡಗಿದ್ದವು. ವೈದ್ಯರು ಇದನ್ನು ಮೊದಲೇ ಹೇಳಿರದಿದ್ದರೆ ಬಿಟ್ಟುದರಿಂದಲೇ ಕೆಮ್ಮು ಬಂದಿತೆಂದು ಮೇಷ್ಟರು ಮತ್ತೆ ಹಚ್ಚುತ್ತಿದ್ದರು.

ಸೇದಿದ ಹೊಗೆಯ ನಿಕೋಟಿನ್ ಕೆಲವು ಕ್ಷಣಗಳಲ್ಲೇ ಮೆದುಳನ್ನು ಮುಟ್ಟುತ್ತದೆ. ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಅರ್ಧ ಕರಗಿಹೋಗುತ್ತದೆ. ಆದುದರಿಂದಲೇ ಸೇದುವವನಿಗೆ ಗಂಟೆ ಎರಡು ಗಂಟೆಗೊಮ್ಮೆ ಸಾಲಗಾರನು ಬಾಗಿಲು ತಟ್ಟಿದಂತಾಗುವುದು. ಆದರೆ ಈ ಸಾಲಗಾರನಲ್ಲಿ ಒಂದು ದೌರ್ಬಲ್ಯವುಂಟು. ಬಾಗಿಲು ತೆರೆಯದಿದ್ದರೆ ಅವನು ಹೆಚ್ಚು ಹೊತ್ತು ನಿಲ್ಲಲಾರನು. ಕೆಲವು ನಿಮಿಷಗಳಲ್ಲಿ ಹೊರಟುಹೋಗುತ್ತಾನೆ. ಇದನ್ನು ಕೇಳಿದ ಮೇಷ್ಟರು ತಮ್ಮದೇ ಆದ ಗಡಿಯಾರವೊಂದನ್ನು ಮಾಡಿಕೊಂಡರು. ಬಯಕೆ ಎದ್ದ ಕೂಡಲೆ ಬಾಯಲ್ಲಿದ್ದ ಪರ್ವದಿಂದ ಷಟ್ಪದಿಗಳನ್ನು ಹೇಳಲು ತೊಡಗುವುದು, ಬಯಕೆ ಅಡಗುವ ತನಕ ನಿಲ್ಲಿಸದಿರುವುದು. ಮೊದಲ ದಿನ ಹನ್ನೆರಡು ಷಟ್ಪದಿಗಳು ಬೇಕಾದವು. ಎರಡನೆಯ ವಾರ ಏಳು ಸಾಕಾದವು. ಶಿವರಾತ್ರಿಯ ವೇಳೆಗೆ ಎರಡಕ್ಕೆ ಇಳಿಯಿತು. ಯುಗಾದಿಗೆ ಚೂಯಿಂಗ್ ಗಮ್ಮೂ ನಿಂತಿತು. "ಇಷ್ಟು ವರ್ಷ ಭಾರತವನ್ನು ದೇವರಿಗೂ ಊರಿಗೂ ಓದಿದಿರಿ. ಈಗ ನಿಮಗಾಗಿ ಓದಿಕೊಳ್ಳುತ್ತಿದ್ದೀರಿ," ಎಂದು ಮನೆಯಾಕೆ ಒಳಗಿನಿಂದ ಹೇಳಿದರಂತೆ.

ಹೋದವುಗಳು ಹಿಂದಿರುಗಿದುದು ಒಂದೊಂದಾಗಿ, ಹೇಳದೆ ಕೇಳದೆ. ಎಲ್ಲಕ್ಕಿಂತ ಮೊದಲು ಬಂದುದು ರುಚಿ. ಒಂದು ದಿನ ಊಟದ ನಡುವೆ ಮೇಷ್ಟರು, "ಇಂದು ಹುಳಿಗೆ ಉಪ್ಪು ಬಹಳವಾಗಿದೆ," ಎಂದರು. ಆಕೆ ಸೌಟನ್ನು ಕೆಳಗಿಟ್ಟು ನಗತೊಡಗಿದರು. ಮದುವೆಯಾದ ಹೊಸದರಿಂದ ಗಂಡನು ಸಪ್ಪೆಯೆಂದು ಆಕ್ಷೇಪಿಸುತ್ತಿದ್ದುದರಿಂದ, ಎಲ್ಲರಿಗೂ ಬಡಿಸಿದ ಮೇಲೆ ಅವರ ಪಾಲಿಗೆ ಮಾತ್ರ ಇನ್ನೊಂದು ಚಿಟಿಕೆ ಉಪ್ಪನ್ನು ಬೆರೆಸಿ ಹಾಕುವುದು ಆಕೆಯ ವಾಡಿಕೆಯಾಗಿದ್ದಿತು. ಅಂದೂ ಹಾಗೆಯೇ ಮಾಡಿದ್ದರು. ಮೂವತ್ತು ವರ್ಷಗಳಿಂದ ಒಂದು ಮನೆಯಲ್ಲಿ ಎರಡು ಹುಳಿಗಳಿದ್ದುವೆಂಬುದು ಯಜಮಾನರಿಗೆ ತಿಳಿದುದು ಅಂದೇ.

ಅನಂತರ ಬಂದುದು ವಾಸನೆ. ಏಪ್ರಿಲ್ಲಿನ ಮೊದಲ ಮಳೆ ಬಿದ್ದ ಸಂಜೆ ಅವರು ಜಗಲಿಯಿಂದ ಎದ್ದು ಅಂಗಳಕ್ಕೆ ಇಳಿದು ಬಹಳ ಹೊತ್ತು ನಿಂತಿದ್ದರು. ಮರುದಿನ ಗೂಟಕ್ಕೆ ತೂಗುಹಾಕಿದ್ದ ತಮ್ಮ ಹಳೆಯ ಕೋಟನ್ನು ಮೂಸಿ ನೋಡಿ, ಅದನ್ನು ತೊಳೆಯಲು ತಾವೇ ತೆಗೆದುಕೊಂಡು ಹೋದರು. ಮೊಮ್ಮಗಳು ಮುತ್ತು ಕೊಡಲು ಬಂದಾಗಲ್ಲೆಲ್ಲ ಮುಖ ತಿರುಗಿಸುತ್ತಿದ್ದುದು ನಾಚಿಕೆಯಿಂದಲ್ಲವೆಂಬುದು ಆಗ ಅವರಿಗೆ ಗೊತ್ತಾಯಿತು. ಮನೆಯಾಕೆಗೆ ಬೆಳಗಿನ ಜಾವದಲ್ಲಿ ಬರುತ್ತಿದ್ದ ಕೆಮ್ಮು ಕಡಮೆಯಾಯಿತು. ಆಕೆ ಜನ್ಮದಲ್ಲಿ ಬತ್ತಿಯನ್ನು ಮುಟ್ಟಿದವರಲ್ಲ. ಗಂಡನು ಬಿಟ್ಟ ಹೊಗೆಯನ್ನು ಹೆಂಡತಿಯೂ ಮಕ್ಕಳೂ ಸೇದುತ್ತಾರೆ. ಅದರ ಕೇಡಿನಲ್ಲಿ ಅವರಿಗೂ ಪಾಲುಂಟು. ಈ ಒಂದು ಸಂಗತಿ ಮೇಷ್ಟರನ್ನು ಉಳಿದೆಲ್ಲಕ್ಕಿಂತ ಹೆಚ್ಚು ಕಾಲ ಬಾಧಿಸಿತು.

ಹಣದ ಮಾತನ್ನೂ ಹೇಳಬೇಕು. ಹೊಗೆಗೆ ಹೋಗುತ್ತಿದ್ದ ದಿನದ ಮೂವತ್ತು ರೂಪಾಯಿಯನ್ನು ಮೊಮ್ಮಗಳು ಪ್ರತಿದಿನ ಕೇಳಿ ಪಡೆದು ಒಂದು ಡಬ್ಬಿಗೆ ಹಾಕುತ್ತಿದ್ದಳು. ಮುಂದಿನ ಸಂಕ್ರಾಂತಿಗೆ ಅದನ್ನು ಸುರಿದು ಎಣಿಸಿದಾಗ ೧೦,೯೫೦ ರೂಪಾಯಿ ಇದ್ದಿತು. ಗುಡಿಗೆ ಹೊಸ ಶ್ರುತಿಪೆಟ್ಟಿಗೆಯೂ ಕಲಿಯುವ ಹುಡುಗರಿಗೆ ಭಾರತದ ಪ್ರತಿಗಳೂ ಬಂದುದು ಆ ಹಣದಿಂದ. ಅಂದು ಮೇಷ್ಟರು ಕಾಗದ ತೆಗೆದುಕೊಂಡು ಇನ್ನೊಂದು ಲೆಕ್ಕವನ್ನೂ ಮಾಡಿದರು. ದಿನಕ್ಕೆ ಹನ್ನೆರಡರಂತೆ ೪೨ ವರ್ಷಕ್ಕೆ ೧,೮೩,೯೬೦ ಬತ್ತಿಗಳು. ಒಂದಕ್ಕೆ ಐದು ನಿಮಿಷದಂತೆ ಹಿಡಿದರೆ ಹಗಲಿರುಳೂ ಸೇರಿ ಒಂದು ವರ್ಷ ಒಂಬತ್ತು ತಿಂಗಳು. ಐದು ನಿಮಿಷ ಇದ್ದು ಹೋಗುತ್ತೇನೆಂದು ಬಂದ ಅತಿಥಿಯು ಉಣ್ಣದೆ ಮಲಗದೆ ಬತ್ತಿ ಸೇದುವುದಕ್ಕೇ ತೆಗೆದುಕೊಂಡ ಕಾಲ ಅಷ್ಟು.

ಲಾಭವೆಲ್ಲ ಒಂದೇ ಕಡೆಯೆಂದರೆ ಸುಳ್ಳಾಗುತ್ತದೆ. ಬಿಟ್ಟ ವರ್ಷದಲ್ಲಿ ಮೇಷ್ಟರ ತೂಕ ಐದು ಕಿಲೋ ಏರಿತು. ಹೀಗಾಗುವುದು ಸಾಮಾನ್ಯವೆಂದು ವೈದ್ಯರು ಹೇಳಿ ಸಂಜೆಯ ನಡಿಗೆಯನ್ನು ವಿಧಿಸಿದರು. ಚಹದಂಗಡಿಯ ಗೆಳೆಯರ ಕೂಟದಿಂದ ಅವರು ಕೆಲವು ಕಾಲ ದೂರವಿರಬೇಕಾಯಿತು. ಆ ಕೂಟದ ಹರಟೆಯನ್ನು ಅವರು ಬತ್ತಿಗಿಂತ ಹೆಚ್ಚಾಗಿ ನೆನೆಯುತ್ತಿದ್ದರು. ಇನ್ನು, ಮೇಷ್ಟರಂತೆ ಎಲ್ಲರೂ ಬಿಟ್ಟರೆ ತಮ್ಮ ಹೊಲಗಳ ಗತಿಯೇನೆಂದು ಬೆಳೆಗಾರರು ಕೇಳಿದಾಗ ಅವರ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಆ ಹೊಲಗಳ ದುಡ್ಡಿನಿಂದಲೇ ಶಾಲೆಗೆ ಬಂದ ಹುಡುಗರಿಗೆ ಪಾಠ ಹೇಳಿ ಬಾಳಿದವರು ಅವರು. ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕದೆ ಕೇಳಿಕೊಂಡರು. ಆದರೆ ಮತ್ತೆ ಬತ್ತಿಯನ್ನು ಹಚ್ಚಲಿಲ್ಲ.

೨೦೧೧ರ ಶ್ರಾವಣ ಬಂದಿತು. ಅಷ್ಟರಲ್ಲಿ ಮೇಷ್ಟರು ನಿವೃತ್ತರಾಗಿದ್ದರು. ಹಿಂದಿನ ವರ್ಷ ನಿಂತ ಕರ್ಣಪರ್ವದಿಂದಲೇ ಆರಂಭಿಸಬೇಕೆಂದು ಅವರು ಹಟ ಹಿಡಿದರು. ಮಂಟಪದಲ್ಲಿ ಎಂದಿನಂತೆ ಜನ. ಗಾಳಿಯಲ್ಲಿ ಎಂದಿನಂತೆ ಬ್ಯಾರನ್ ಮನೆಗಳ ವಾಸನೆ. ಉಸಿರು ಕಟ್ಟಿದ್ದ ಆ ಷಟ್ಪದಿ ಬಂದಾಗ ಶಿಷ್ಯನು ಹಿಂದಿನಿಂದ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತನು. ಮೇಷ್ಟರು ಐದನೆಯ ಪಾದದ ಕೊನೆಯಲ್ಲಿ ನಿಂತು, ಉಸಿರು ತುಂಬಿಕೊಂಡು, ಆರನೆಯ ಪಾದದ ೨೩ ಮಾತ್ರೆಗಳನ್ನೂ ಎಲ್ಲಿಯೂ ಮುರಿಯದೆ ಮುಗಿಸಿದರು. ಯೌವನದ ಉಸಿರು ಅದಲ್ಲ. ಮೂರು ಪಾದಗಳನ್ನು ಒಟ್ಟಿಗೆ ಹೇಳುವ ಶಕ್ತಿ ಅಂದೂ ಬರಲಿಲ್ಲ, ಅನಂತರವೂ ಬರಲಿಲ್ಲ. ಮೇಲಿನ ದನಿಗಳಲ್ಲಿ ಸೇರಿಕೊಂಡಿದ್ದ ಒಡಕು ಸಂಪೂರ್ಣವಾಗಿ ಹೋಗಲಿಲ್ಲ. ಕಳೆದುಕೊಂಡುದರಲ್ಲಿ ಒಂದು ಪಾಲು ಕಳೆದುಹೋಯಿತು. ಉಳಿದ ಪಾಲಿಗೆ ಒಂದು ದೊಡ್ಡ ಪಾದದ ಅಳತೆಯಿತ್ತು. ಷಟ್ಪದಿಗೆ ಅಷ್ಟು ಸಾಕು. ಅಂದು ವಾಚನ ಮುಗಿದ ಮೇಲೆ ಬಾವಿಕಟ್ಟೆಗೆ ಹೋಗುವ ಕೆಲಸವಿರಲಿಲ್ಲ. ಮೂವತ್ತನಾಲ್ಕು ಶ್ರಾವಣಗಳಲ್ಲಿ ಮೊದಲ ಸಾರಿ ಅವರು ತಾವು ಓದಿದ ಭಾರತದ ಮಂಗಳಾರತಿಯನ್ನು ಕಡೆಯ ತನಕ ಕುಳಿತು ನೋಡಿದರು.

ಶಿಷ್ಯನಿಗೆ ಅವರು ಒಂದು ಮಾತೂ ಉಪದೇಶ ಹೇಳಲಿಲ್ಲ. ಗುರುವಿನಿಂದ ಹೇಳಿಸಿಕೊಳ್ಳದೆ ಕಲಿತವನು ಹೇಳಿಸಿಕೊಳ್ಳದೆಯೇ ಬಿಡಬೇಕೆಂಬುದು ಅವರ ಎಣಿಕೆ. ಎರಡು ವರ್ಷ ಕಾದರು. ೨೦೧೩ರಲ್ಲಿ ಅವನಿಗೆ ಮಗಳು ಹುಟ್ಟಿದಳು. ನಾಮಕರಣದ ದಿನ ಅವನು ಅವರ ಬಳಿಗೆ ಬಂದು, "ಮೇಷ್ಟರೇ, ಬಯಕೆ ಬಂದಾಗ ಮೊದಲ ದಿನ ಎಷ್ಟು ಷಟ್ಪದಿ ಹೇಳಬೇಕಾಯಿತು ತಮಗೆ?" ಎಂದು ಕೇಳಿದನು. "ಹನ್ನೆರಡು. ನೀನು ಹುಡುಗ, ನಿನಗೆ ಹತ್ತು ಸಾಕು," ಎಂದರು ಅವರು. ಅವನಿಗಾಗ ಇಪ್ಪತ್ತಾರು. ಡಾಲ್ ಅವರ ಲೆಕ್ಕದಂತೆ ಹತ್ತು ವರ್ಷಗಳೂ ಬಹುಮಟ್ಟಿಗೆ ಅವನ ಕೈಯಲ್ಲಿಯೇ ಇದ್ದುವು.

ಅಕ್ಬರನ ಕಥೆಯನ್ನು ಮೇಷ್ಟರು ಇಂದಿಗೂ ಹೇಳುತ್ತಾರೆ. ಈಗ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಬಾದಶಹನು ಕೊಳವೆಯನ್ನು ಬಾಯಿಗಿಟ್ಟುದು ನಿಜ. ಆಸ್ಥಾನದ ವೈದ್ಯನು ಅಲ್ಲಿಯೇ ಅದನ್ನು ವಿರೋಧಿಸಿದನು. ಪರೀಕ್ಷಿಸದ ವಸ್ತುವನ್ನು ಸೇವಿಸಬಾರದೆಂದು ಅವನ ವಾದ. ಲೋಕದ ಪ್ರತಿಯೊಂದು ಆಚಾರವೂ ಒಂದು ಕಾಲಕ್ಕೆ ಹೊಸದೇ ಆಗಿದ್ದಿತೆಂದು ಅಸದ್ ಬೇಗನ ಪ್ರತಿವಾದ. ವಾದದಲ್ಲಿ ಅಸದ್ ಬೇಗನು ಗೆದ್ದನು. ಆದರೆ ಬಾದಶಹನು ಕೌತುಕಕ್ಕೆ ಕೆಲವು ದಮ್ಮು ಎಳೆದವನು ಅದನ್ನು ಚಟಮಾಡಿಕೊಳ್ಳಲಿಲ್ಲ. ಮಾಡಿಕೊಂಡವರು ಸುತ್ತ ನಿಂತಿದ್ದ ಅಮೀರರು. ಅವರ ಹಿಂದೆ ಊರೆಲ್ಲ. ಅವನ ಮಗ ಜಹಾಂಗೀರನು ೧೬೧೭ರಲ್ಲಿ ಹೊಗೆಸೊಪ್ಪನ್ನು ಸೇದಕೂಡದೆಂದು ಆಜ್ಞೆಮಾಡಿದನು. ಸ್ವತಃ ಮದ್ಯಕ್ಕೂ ಅಫೀಮಿಗೂ ದಾಸನಾಗಿದ್ದವನ ಆಜ್ಞೆಯನ್ನು ಯಾರು ಕೇಳಿದರು? "ಬಾದಶಹರ ಆಜ್ಞೆಯಿಂದ ಬಿಟ್ಟವರನ್ನು ಕಾಣೆ," ಎಂದು ಹೇಳಿ ಮೇಷ್ಟರು ಶಿಷ್ಯನ ಕಡೆಗೆ ಒಮ್ಮೆ ನೋಡುತ್ತಾರೆ.

ವೈದ್ಯರು ಲೆಕ್ಕ ಹಾಕಿದ್ದ ಮೂರು ಶ್ರಾವಣಗಳು ಯಾವಾಗಲೋ ಮುಗಿದು ಹತ್ತಕ್ಕೂ ಮೀರಿದವು. ಈಗ ದೊಡ್ಡ ಪರ್ವಗಳನ್ನು ಶಿಷ್ಯನೇ ವಾಚನಮಾಡುತ್ತಾನೆ. ಅವನ ದನಿ ಇಂದಿಗೂ ತೆಳುವೇ. ಅದರಲ್ಲಿ ಮೂರು ಪಾದಗಳು ಒಂದೇ ಉಸಿರಿನಲ್ಲಿ ಸಾಗುತ್ತವೆ. ಮೇಷ್ಟರು ಹಿಂದೆ ಕುಳಿತು ಶ್ರುತಿಪೆಟ್ಟಿಗೆಯನ್ನು ನುಡಿಸುತ್ತಾರೆ. ವಾಚನ ಮುಗಿದ ಮೇಲೆ ಇಬ್ಬರೂ ಮಂಗಳಾರತಿಯ ತನಕ ಕುಳಿತಿರುತ್ತಾರೆ.